ಕೆರೆಯ ಬಾತು ಬರೆಯುವ ಅಲೆ

ಶಿವಮೊಗ್ಗೆಯ ಮಗ್ಗುಲಲ್ಲಿ ತುಂಗೆ ಹರಿಯುತ್ತಾಳೆ. ಭದ್ರಾವತಿಯ ನಡುವೆ ಭದ್ರೆ. ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುವ ಮೊದಲು ಇವೆರಡೂ ಎಷ್ಟೋ ಗದ್ದೆಗಳಿಗೆ ನೀರುಣಿಸುತ್ತವೆ. ಗಾಜನೂರಿನ ಅಣೆಕಟ್ಟಿನ ಹಿಂದೆ ನಿಂತ ನೀರು, ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಜಲಾಶಯ, ಕಾಲುವೆಗಳು, ಊರೂರಿನ ಕೆರೆಗಳು — ಹೀಗೆ ಎತ್ತ ನೋಡಿದರೂ ನೀರಿರುವ ಸೀಮೆಯಿದು. ಇಲ್ಲಿ ಓದುವ ವಿದ್ಯಾರ್ಥಿಗಳು ಅಲೆಗಳ ವಿಷಯವನ್ನು ಕಪ್ಪುಹಲಗೆಯ ಮೇಲಿನ ಗೆರೆಗಳಿಂದ ಮಾತ್ರ ಕಲಿಯುವುದು ನನಗೆ ವಿಚಿತ್ರವಾಗಿ ತೋರುತ್ತದೆ. ಅಲೆಗಳನ್ನು ಎಬ್ಬಿಸಿ ತೋರಿಸುವ ಉಪಕರಣವೊಂದು ಪ್ರತಿಯೊಂದು ಕೆರೆಯಲ್ಲಿಯೂ ತೇಲುತ್ತಿದೆ. ಅದಕ್ಕೆ ಬೆಲೆಯಿಲ್ಲ, ಅದನ್ನು ಬೀಗ ಹಾಕಿ ಇಡಬೇಕಾಗಿಯೂ ಇಲ್ಲ. ಅದುವೇ ಬಾತು.

ಮೊದಲು ಬಾತು ಯಾವುದು, ಯಾವುದಲ್ಲ ಎಂಬುದನ್ನು ತಿಳಿಯೋಣ. ನೀರಿನ ಮೇಲೆ ತೇಲುವ ಹಕ್ಕಿಗಳೆಲ್ಲ ಬಾತುಗಳಲ್ಲ. ಕಪ್ಪು ಮೈ, ಹಣೆಯ ಮೇಲೆ ಬಿಳಿಯ ಪಟ್ಟೆ ಇರುವುದು ನಾಮದ ಕೋಳಿ. ಚೆಂಡಿನಂತೆ ಪುಟ್ಟದಾಗಿದ್ದು, ನೋಡುತ್ತಿರುವಂತೆಯೇ ಮುಳುಗಿ ಮತ್ತೆಲ್ಲೋ ಏಳುವುದು ಗುಳುಮುಳುಕ. ಕಪ್ಪು ಕೊಕ್ಕಿನ ತುದಿಯಲ್ಲಿ ಹಳದಿ, ಬುಡದಲ್ಲಿ ಎರಡು ಕೆಂಪು ಚುಕ್ಕೆ ಇದ್ದರೆ ಅದು ಚುಕ್ಕೆಕೊಕ್ಕಿನ ಬಾತು. ನಮ್ಮಲ್ಲಿ ವರ್ಷವಿಡೀ ಇರುವ ದೊಡ್ಡ ಬಾತು ಇದೇ, ತೂಕ ಸುಮಾರು ಒಂದು ಕಿಲೋಗ್ರಾಂ. ಇಟ್ಟಿಗೆಯ ಕಂದು ಬಣ್ಣದ, ಹಾರುವಾಗ ಸಿಳ್ಳು ಹಾಕುವ ಸಿಳ್ಳೆಬಾತು ಇದರ ಅರ್ಧದಷ್ಟು ತೂಗುತ್ತದೆ. ಚಳಿಗಾಲದಲ್ಲಿ ಉತ್ತರದ ದೂರದೇಶಗಳಿಂದ ಸೂಜಿಬಾಲದ ಬಾತು ಮೊದಲಾದ ಅತಿಥಿಗಳೂ ಕರ್ನಾಟಕದ ಕೆರೆಗಳಿಗೆ ಬರುವುದುಂಟು. ನಮ್ಮ ಈಗಿನ ಕೆಲಸಕ್ಕೆ ಚುಕ್ಕೆಕೊಕ್ಕಿನ ಬಾತು ಎಲ್ಲಕ್ಕಿಂತ ಅನುಕೂಲ.

ಒಂದು ಕಿಲೋಗ್ರಾಂ ತೂಗುವ ಬಾತು ತೇಲುವಾಗ ಒಂದು ಲೀಟರು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಇದು ಆರ್ಕಿಮಿಡೀಸನ ನಿಯಮ, ಪ್ರೌಢಶಾಲೆಯಲ್ಲಿಯೇ ಕಲಿತದ್ದು. ಆದರೆ ಬಾತು ಎಷ್ಟು ಎತ್ತರದಲ್ಲಿ, ಎಷ್ಟು ಹಗುರವಾಗಿ ತೇಲುತ್ತದೆಂಬುದನ್ನು ನೋಡಿರಿ. ಅದರ ಮೈಯೊಳಗೆ ಗಾಳಿಚೀಲಗಳುಂಟು. ಮೈಮೇಲೆ ಗರಿಗಳ ಸಂದಿನಲ್ಲಿ ಸೆರೆಸಿಕ್ಕ ಗಾಳಿಯೂ ಉಂಟು. ಅಂದರೆ ಬಾತು ನೀರಿನ ಮೇಲೆ ಕುಳಿತಿದೆ ಎನ್ನುವುದಕ್ಕಿಂತ ಗಾಳಿಯ ಮೆತ್ತೆಯೊಂದರ ಮೇಲೆ ಕುಳಿತಿದೆ ಎಂದರೆ ಸತ್ಯಕ್ಕೆ ಹೆಚ್ಚು ಹತ್ತಿರ. ಆ ಮೆತ್ತೆಯೊಳಕ್ಕೆ ನೀರು ನುಗ್ಗದಂತೆ ತಡೆಯುವುದು ಯಾವುದು?

ಎಣ್ಣೆ ಎಂಬುದು ಸಾಮಾನ್ಯವಾದ ಉತ್ತರ. ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಬಾತು ಕೊಕ್ಕಿನಲ್ಲಿ ಜಿಡ್ಡನ್ನು ತೆಗೆದು ಗರಿಗಳಿಗೆ ಸವರಿಕೊಳ್ಳುವುದು ನಿಜ. ಆದರೆ ಅಷ್ಟೇ ಸಾಲದು. ಎಣ್ಣೆ ಸವರಿದ ಗಾಜಿನ ಮೇಲೆ ನೀರಿನ ಹನಿಯನ್ನಿಡಿರಿ. ಅದು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆಯೇ ಹೊರತು ಮುತ್ತಿನಂತೆ ಉರುಳುವುದಿಲ್ಲ. ಮಳೆಗಾಲದಲ್ಲಿ ಕೆಸುವಿನ ಎಲೆಯ ಮೇಲೆ ಉರುಳುವ ಹನಿಯನ್ನು ಮಲೆನಾಡಿನವರಿಗೆ ತೋರಿಸಬೇಕಾಗಿಲ್ಲ. ಆ ಎಲೆಯ ಮೈ ಸೂಕ್ಷ್ಮದರ್ಶಕದ ಕೆಳಗೆ ನುಣುಪಾಗಿರದೆ ಉಬ್ಬುತಗ್ಗುಗಳಿಂದ ಕೂಡಿರುತ್ತದೆ. ಹನಿ ಉಬ್ಬುಗಳ ನೆತ್ತಿಯನ್ನು ಮಾತ್ರ ಮುಟ್ಟುತ್ತದೆ. ಉಳಿದೆಡೆ ಗಾಳಿಯ ಮೇಲೆ ನಿಂತಿರುತ್ತದೆ. ಬಾತಿನ ಗರಿಯ ಎಳೆಗಳೂ ಹೀಗೆಯೇ ಸಾಲುಸಾಲಾಗಿ, ನಡುವೆ ಅಳತೆಯಾದ ಸಂದುಗಳನ್ನು ಬಿಟ್ಟು ಹೆಣೆದಿವೆ. 1944 ರಲ್ಲಿ ಇಂಗ್ಲೆಂಡಿನ ಕ್ಯಾಸಿ ಮತ್ತು ಬ್ಯಾಕ್ಸ್ಟರ್ ಎಂಬ ವಿಜ್ಞಾನಿಗಳು ನೀರು ಹಿಡಿಯದ ಬಟ್ಟೆಯ ವಿಷಯವನ್ನು ವಿಚಾರಿಸುವಾಗ ಬಾತಿನ ಗರಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಬಾತಿನ ಗುಟ್ಟು ಅಪೂರ್ವವಾದ ಯಾವುದೋ ಎಣ್ಣೆಯಲ್ಲಿರದೆ ಎಳೆಗಳ ಹೆಣಿಗೆಯಲ್ಲಿಯೇ ಇದೆಯೆಂದು ತೋರಿಸಿದರು. ಬಾತು ದಿನದಲ್ಲಿ ಎಷ್ಟೋ ಹೊತ್ತು ಕೊಕ್ಕಿನಿಂದ ಗರಿಗಳನ್ನು ತೀಡುತ್ತ ಕೂರುವುದು ಕೇವಲ ಅಲಂಕಾರಕ್ಕಲ್ಲ; ಬಿಚ್ಚಿದ ಹೆಣಿಗೆಯನ್ನು ಅದು ಮತ್ತೆ ಕೂಡಿಸುತ್ತಿರುತ್ತದೆ.

ಇದಕ್ಕೆ ವಿರುದ್ಧವಾದ ದೃಶ್ಯವನ್ನು ನೋಡಬೇಕೆಂದರೆ ತೀರ್ಥಹಳ್ಳಿಯ ದಾರಿಯಲ್ಲಿರುವ ಮಂಡಗದ್ದೆಗೆ ಹೋಗಬೇಕು. ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡುಕಟ್ಟುವ ಹಕ್ಕಿಗಳಲ್ಲಿ ನೀರುಕಾಗೆಯೂ ಒಂದು. ಮೀನು ಹಿಡಿದು ಮೇಲೆ ಬಂದ ನೀರುಕಾಗೆ ರೆಕ್ಕೆಗಳನ್ನು ಅಗಲಿಸಿ ಬಿಸಿಲಿಗೆ ಹಿಡಿದು ನಿಲ್ಲುತ್ತದೆ. ಅದರ ಗರಿಗಳ ಹೊರಭಾಗ ಸುಲಭವಾಗಿ ತೋಯುತ್ತದೆ. ಇದನ್ನು ಕೊರತೆ ಎಂದು ಭಾವಿಸಬಾರದು: ಗಾಳಿಯ ಮೆತ್ತೆ ತೆಳುವಾದಷ್ಟೂ ನೀರೊಳಗೆ ಮುಳುಗುವುದು ಸುಲಭ.

ನೀರಿನ ಮೇಲ್ಮೈ ಎಳೆತ ದೊಡ್ಡದಾಗಿರುವ ತನಕ ಮಾತ್ರ ಬಾತಿನ ಮೆತ್ತೆ ಉಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್. ಎಣ್ಣೆಗಳದು ಇದರ ಅರ್ಧಕ್ಕಿಂತಲೂ ಕಡಿಮೆ. ಸೋಪು ಕದಡಿದ ನೀರಿನದೂ ಹಾಗೆಯೇ ಇಳಿದುಬಿಡುತ್ತದೆ. ಕೆರೆಯ ದಂಡೆಯಲ್ಲಿ ಬಿದ್ದಿರುವ ಒಂದು ಗರಿಯನ್ನು ತಂದು ಪರೀಕ್ಷಿಸಿರಿ. ಬರಿಯ ನೀರಿನ ಹನಿ ಅದರ ಮೇಲೆ ಗುಂಡಗೆ ನಿಲ್ಲುತ್ತದೆ. ಬಟ್ಟೆ ಒಗೆಯುವ ಪುಡಿಯನ್ನು ಚಿಟಿಕೆಯಷ್ಟು ಕರಗಿಸಿದ ನೀರಿನ ಹನಿಯನ್ನು ಬಿಟ್ಟರೆ ಅದು ಹರಡಿ ಎಳೆಗಳ ಸಂದಿಗೆ ಇಳಿಯುತ್ತದೆ. ಒಂದು ಮನೆಯ ಬಟ್ಟೆ ಒಗೆದ ನೀರು ದೊಡ್ಡ ಕೆರೆಯಲ್ಲಿ ಬೆರೆತು ತೆಳುವಾಗಿಬಿಡುವುದು ದಿಟವೇ. ಎಣ್ಣೆಯ ಮಾತು ಬೇರೆ. ಎಣ್ಣೆ ನೀರಿನಲ್ಲಿ ಬೆರೆಯದೆ ಮೇಲೆಯೇ ಪೊರೆಯಾಗಿ ಹರಡುತ್ತದೆ. ಬಾತು ಇರುವುದೂ ಅದೇ ಮೇಲ್ಮೈಯಲ್ಲಿ. ಲಾರಿಗಳನ್ನು ತೊಳೆದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ಕಾಣುವುದಷ್ಟೆ. ಆ ಬಣ್ಣಗಳು ಬೆಳಕಿನ ವ್ಯತಿಕರಣಕ್ಕೆ ಸೊಗಸಾದ ನಿದರ್ಶನ. ಬಾತಿನ ಪಾಲಿಗೆ ಮಾತ್ರ ಅವು ಅಪಾಯದ ಗುರುತು. ಎಣ್ಣೆ ತಗುಲಿದ ಎಳೆಗಳು ಒಂದಕ್ಕೊಂದು ಅಂಟಿ ಹೆಣಿಗೆ ಕೆಡುತ್ತದೆ, ಗಾಳಿ ಹೊರಟುಹೋಗುತ್ತದೆ, ಹಕ್ಕಿ ನೀರಿನಲ್ಲಿ ತಗ್ಗುತ್ತದೆ, ಮೈಯ ಬಿಸಿಯನ್ನೂ ಕಳೆದುಕೊಳ್ಳುತ್ತದೆ. ಕೆರೆಯ ಏರಿಯ ಮೇಲೆ ವಾಹನ ತೊಳೆಯುವವರಿಗೆ ಈ ಗರಿಯ ಪ್ರಯೋಗವನ್ನು ತೋರಿಸುವ ವಿದ್ಯಾರ್ಥಿ ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಕೆಲಸ ಮಾಡಿದಂತಾಗುತ್ತದೆಂದು ನನ್ನ ಎಣಿಕೆ.

ಇನ್ನು ಅಲೆಗಳಿಗೆ ಬರೋಣ. ಗಾಳಿಯಿಲ್ಲದ ಮುಂಜಾನೆ ಬಾತು ಸುಮ್ಮನೆ ಜಾರುತ್ತಿರುವಾಗ ಅದರ ಹಿಂದೆ ಯಾವ ಗೆರೆಯೂ ಕಾಣುವುದಿಲ್ಲ. ಸ್ವಲ್ಪ ವೇಗ ಹೆಚ್ಚಿತೆನ್ನಿ, ಒಮ್ಮೆಲೇ ಎರಡು ರೇಖೆಗಳು ಬಾಣದ ಮೊನೆಯಂತೆ ತೆರೆದುಕೊಳ್ಳುತ್ತವೆ. ಆಳವಾದ ನೀರಿನ ಮೇಲಿನ ಯಾವ ಅಲೆಯೂ ಸೆಕೆಂಡಿಗೆ ಸುಮಾರು 23 ಸೆಂ.ಮೀ.ಗಿಂತ ನಿಧಾನವಾಗಿ ಚಲಿಸಲಾರದು. ಎಲ್ಲಕ್ಕಿಂತ ನಿಧಾನವಾದ ಆ ಅಲೆಯ ಉದ್ದ 1.7 ಸೆಂ.ಮೀ. ಇದಕ್ಕಿಂತ ಉದ್ದವಾದ ಅಲೆಗಳನ್ನು ಗುರುತ್ವ ನಡೆಸುತ್ತದೆ, ಗಿಡ್ಡ ಅಲೆಗಳನ್ನು ಮೇಲ್ಮೈ ಎಳೆತ ನಡೆಸುತ್ತದೆ. ಎರಡೂ ಕಡೆ ವೇಗ ಏರುತ್ತ ಹೋಗುತ್ತದೆ. ಹೀಗಾಗಿ ಬಾತಿನ ವೇಗ 23 ಸೆಂ.ಮೀ. ಮುಟ್ಟುವವರೆಗೆ ಅದರ ಜೊತೆಯಲ್ಲಿ ಸಾಗಬಲ್ಲ ಅಲೆಯೇ ಇಲ್ಲ. ಮುಟ್ಟಿದ ಮೇಲೆ ಎದೆಯ ಮುಂದೆ ಸಣ್ಣ ನಿರಿಗೆಗಳೂ ಹಿಂದೆ ಉದ್ದನೆಯ ಅಲೆಗಳೂ ಏಳುತ್ತವೆ. ಹರಿಯುವ ಹೊಳೆಯಲ್ಲಿ ನೆಟ್ಟ ಕಡ್ಡಿಯ ಸುತ್ತಲೂ ಇದೇ ಚಿತ್ರ ಕಾಣುವುದು: ನಿರಿಗೆ ಹರಿವಿನ ಎದುರಿಗೆ, ದೊಡ್ಡ ಅಲೆ ಕೆಳಗಡೆಗೆ.

ಬಾಣದ ಮೊನೆಯ ಕೋನವನ್ನು ಅಳೆದರೆ ಸುಮಾರು 39 ಡಿಗ್ರಿ ಬರುತ್ತದೆ. ಬಾತು ನಿಧಾನವಾಗಿ ಈಜಲಿ, ಬೇಗನೆ ಈಜಲಿ, ಕೋನ ಬದಲಾಗುವುದಿಲ್ಲ. ಹಡಗಿನ ಹಿಂದೆಯೂ ಸಾಮಾನ್ಯವಾಗಿ ಅದೇ ಕೋನ. ಇದನ್ನು 1887 ರಲ್ಲಿ ಗಣಿತದಿಂದ ಸಾಧಿಸಿದವನು ಕೆಲ್ವಿನ್. ತುಂಬ ವೇಗದ ದೋಣಿಗಳ ಹಿಂದೆ ಕೋನ ಕಿರಿದಾಗುವುದೆಂದು ಫ್ರಾನ್ಸಿನ ರಬೋ ಮತ್ತು ಮುವಾಸಿ 2013 ರಲ್ಲಿ ತೋರಿಸಿದ್ದಾರೆ. ನಮ್ಮ ಬಾತಿಗೆ ಅಷ್ಟು ವೇಗವಿಲ್ಲ. ಕೆಲ್ವಿನ್ನನ ಗಣಿತ ಕಠಿಣವಾದರೂ ಅದರ ತಿರುಳನ್ನು ಕೈವಾರವೊಂದರಿಂದ ಪಡೆಯಬಹುದು. ಕಾಗದದ ಮೇಲೆ 12 ಸೆಂ.ಮೀ. ಉದ್ದದ ಗೆರೆಯನ್ನೆಳೆಯಿರಿ. ಎಡದ ತುದಿ ಬಾತು ಮೊದಲಿದ್ದ ಜಾಗ, ಬಲದ ತುದಿ ಈಗಿರುವ ಜಾಗ. ನೀರಿನ ಉದ್ದ ಅಲೆಗಳಲ್ಲಿ ಶಕ್ತಿ ಸಾಗುವ ವೇಗ ಅಲೆಯ ನೆತ್ತಿ ಸಾಗುವ ವೇಗದ ಅರ್ಧ ಮಾತ್ರ. ಆದುದರಿಂದ ಮೊದಲಿನ ಜಾಗದಿಂದ ಹೊರಟ ಅಲೆಗಳ ಶಕ್ತಿ ಈಗ ಒಂದು ವೃತ್ತದ ಮೇಲೆ ಇರುತ್ತದೆ. ಆ ವೃತ್ತದ ಕೇಂದ್ರ ಎಡತುದಿಯಿಂದ 3 ಸೆಂ.ಮೀ. ದೂರದಲ್ಲಿ, ತ್ರಿಜ್ಯವೂ 3 ಸೆಂ.ಮೀ. ಬಲತುದಿಯಿಂದ ಈ ವೃತ್ತಕ್ಕೆ ಎರಡು ಸ್ಪರ್ಶರೇಖೆಗಳನ್ನೆಳೆಯಿರಿ. ಕೇಂದ್ರ ಬಲತುದಿಯಿಂದ 9 ಸೆಂ.ಮೀ. ದೂರದಲ್ಲಿದೆ, ಅರ್ಧಕೋನದ ಸೈನ್ 3/9, ಅಂದರೆ 1/3, ಅರ್ಧಕೋನ ಸುಮಾರು 19.5 ಡಿಗ್ರಿ. ಇಡಿಯ ಕೋನ 39. ಈ ಲೆಕ್ಕದಲ್ಲಿ ಬಾತಿನ ವೇಗ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿರಿ.

ಕೆರೆಯ ಏರಿಯಿಂದ ಓರೆಯಾಗಿ ನೋಡಿದರೆ ಕೋನ ಸರಿಯಾಗಿ ಸಿಕ್ಕುವುದಿಲ್ಲ. ತುಂಗೆಯ ಅಥವಾ ಭದ್ರೆಯ ಸೇತುವೆಯ ಮೇಲಿಂದ ನೆಟ್ಟಗೆ ಕೆಳಕ್ಕೆ ಚಿತ್ರ ತೆಗೆದು ಕೋನಮಾಪಕವಿಟ್ಟು ಅಳೆಯಬೇಕು. ಹರಿಯುವ ನೀರು ಲೆಕ್ಕವನ್ನು ಕೆಡಿಸದೆ ಎಂದು ಕೇಳಬಹುದು. ಹರಿವು ಸಮವಾಗಿದ್ದರೆ ಅಲೆಗಳನ್ನೂ ಬಾತನ್ನೂ ಒಟ್ಟಿಗೇ ಒಯ್ಯುವುದರಿಂದ ಕೋನ ಕೆಡದು. ವೇಗವನ್ನು ಅಳೆಯುವಾಗ ಮಾತ್ರ ನಿಂತ ನೀರೇ ಬೇಕು.

ವೇಗವನ್ನು ಅಳೆಯುವುದಕ್ಕೆ ಗಡಿಯಾರವೇ ಬೇಕೆಂದಿಲ್ಲ. ಬಾತಿನ ನೇರ ಹಿಂದೆ ಅಡ್ಡಲಾಗಿ ನಿಂತ ಅಲೆಗಳು ಬಾತಿನ ವೇಗದಲ್ಲಿಯೇ ಸಾಗುತ್ತಿರುತ್ತವೆ. ಎರಡು ನೆತ್ತಿಗಳ ನಡುವಣ ದೂರವನ್ನು ಮೀಟರಿನಲ್ಲಿ ಅಂದಾಜು ಮಾಡಿ, ಅದರ ವರ್ಗಮೂಲವನ್ನು 1.25 ರಿಂದ ಗುಣಿಸಿರಿ. ಸೆಕೆಂಡಿಗೆ ಎಷ್ಟು ಮೀಟರೆಂದು ಬರುತ್ತದೆ. ದೂರ 16 ಸೆಂ.ಮೀ. ಆದರೆ ವೇಗ 0.5 ಮೀಟರು.

ಬಾತು ಎಷ್ಟೇ ಪ್ರಯತ್ನಪಟ್ಟರೂ ಒಂದು ಮಿತಿಗಿಂತ ಬೇಗನೆ ಈಜಲಾರದೇಕೆ ಎಂಬುದೂ ಈ ಸೂತ್ರದಲ್ಲಿಯೇ ಅಡಗಿದೆ. ವೇಗ ಹೆಚ್ಚಿದಂತೆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ಬಾತಿನ ಮೈಯುದ್ದದಷ್ಟಾದಾಗ ಎದೆಯ ಕೆಳಗೆ ಒಂದು ನೆತ್ತಿ, ಬಾಲದ ಕೆಳಗೆ ಇನ್ನೊಂದು. ಇನ್ನೂ ವೇಗವಾದರೆ ಹಿಂದಿನ ನೆತ್ತಿ ಬಾಲವನ್ನು ಬಿಟ್ಟು ಹಿಂದಕ್ಕೆ ಸರಿಯುತ್ತದೆ, ಬಾಲ ತಗ್ಗಿಗೆ ಇಳಿಯುತ್ತದೆ. ಬಾತು ತಾನೇ ಎಬ್ಬಿಸಿದ ದಿಬ್ಬವನ್ನು ಹತ್ತಬೇಕಾಗುತ್ತದೆ. 1970 ರಲ್ಲಿ ಅಮೆರಿಕದಲ್ಲಿ ಪ್ರಾಂಜ್ ಮತ್ತು ಶ್ಮಿಟ್-ನೀಲ್ಸನ್ ಎಂಬವರು, ನಮ್ಮ ಚುಕ್ಕೆಕೊಕ್ಕಿನ ಬಾತಿನ ಹತ್ತಿರದ ಬಂಧುವಾದ ಮಲ್ಲಾರ್ಡ್ ಬಾತುಗಳನ್ನು ನೀರಿನ ಕಾಲುವೆಯಲ್ಲಿ ಈಜಿಸಿ ಅವು ಬಳಸಿದ ಆಮ್ಲಜನಕವನ್ನು ಅಳೆದರು. ನೀರಿನ ಮಟ್ಟದಲ್ಲಿ ಅವುಗಳ ಮೈಯುದ್ದ 33 ಸೆಂ.ಮೀ. ಸೂತ್ರದಂತೆ ಮಿತಿ ಸೆಕೆಂಡಿಗೆ 0.72 ಮೀಟರು. ಬಾತುಗಳು ಬಹಳ ಹೊತ್ತು ತಾಳಿ ಈಜಿದ ಗರಿಷ್ಠ ವೇಗ 0.70 ಮೀಟರು, ಆಗ ಬಳಸಿದ ಆಮ್ಲಜನಕ ವಿಶ್ರಾಂತಿಯಲ್ಲಿದ್ದಾಗಿನ ನಾಲ್ಕರಷ್ಟಕ್ಕೂ ತುಸು ಹೆಚ್ಚು. ಒಂದೊಂದು ಮೀಟರಿಗೆ ಅತಿ ಕಡಿಮೆ ಖರ್ಚು ಬರುವ ವೇಗ 0.50 ಮೀಟರು. ಕೊಳದಲ್ಲಿ ತಮ್ಮ ಪಾಡಿಗೆ ಬಿಟ್ಟ ಬಾತುಗಳು ಈಜುತ್ತಿದ್ದುದೂ ಸುಮಾರಾಗಿ ಅದೇ ವೇಗದಲ್ಲಿ! ಗಂಟೆಗೆ ಎರಡೂವರೆ ಕಿಲೋಮೀಟರು ದಾಟದ ಈ ಹಕ್ಕಿಯನ್ನು ಏರಿಯ ಮೇಲೆ ಸಾಮಾನ್ಯವಾಗಿ ನಡೆಯುವ ಮನುಷ್ಯನೇ ಹಿಂದೆ ಹಾಕಬಲ್ಲ. ಬೆದರಿದ ಬಾತು ಈಜಿ ತಪ್ಪಿಸಿಕೊಳ್ಳುವ ಗೋಜಿಗೆ ಹೋಗದೆ ರೆಕ್ಕೆ ಬಡಿದು ಹಾರುವುದು ಇದಕ್ಕಾಗಿಯೇ.

ಹಾರಲಾರದ ಮರಿಗಳ ಗತಿಯೇನು? ಅವುಗಳ ಮೈ ಗಿಡ್ಡ. ಆದುದರಿಂದ ಮಿತಿಯೂ ಕಡಿಮೆ. ಆದರೂ ತಾಯಿಯ ಜೊತೆಗೆ ಸಾಗಬೇಕು. ತಾಯಿಯ ಹಿಂದೆ ಸಾಲುಗಟ್ಟಿ ಈಜುವ ಮರಿಗಳಿಗೆ ಶ್ರಮ ಕಡಿಮೆಯೆಂದು ಅಮೆರಿಕದ ಫ್ರಾಂಕ್ ಫಿಶ್ 1990 ರ ದಶಕದಲ್ಲಿ ಕಂಡುಕೊಂಡನು. 2021 ರಲ್ಲಿ ಸ್ಕಾಟ್ಲೆಂಡಿನ ಝಿ-ಮಿಂಗ್ ಯುವಾನ್ ಮತ್ತು ಸಂಗಡಿಗರು ಕಾರಣವನ್ನು ಲೆಕ್ಕ ಹಾಕಿದರು. ತಾಯಿಯ ಹಿಂದೆ ತಕ್ಕ ಜಾಗದಲ್ಲಿರುವ ಮರಿಯ ಅಲೆಯೂ ತಾಯಿಯ ಅಲೆಯೂ ಒಂದನ್ನೊಂದು ಅಳಿಸುತ್ತವೆ. ಅಷ್ಟೇ ಅಲ್ಲ, ಅಲೆ ಮರಿಯನ್ನು ಮುಂದಕ್ಕೆ ತಳ್ಳುತ್ತದೆ. ಮೂರನೆಯ ಮರಿಯಿಂದಾಚೆಗೆ ಅಲೆಯ ತಡೆ ಸೊನ್ನೆಯ ಹತ್ತಿರಕ್ಕಿಳಿದು, ಮರಿಗಳು ಅಲೆಯನ್ನು ಕೈಯಿಂದ ಕೈಗೆ ದಾಟಿಸುವಂತೆ ಹಿಂದಕ್ಕೆ ಸಾಗಿಸುತ್ತವೆ. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2022 ರಲ್ಲಿ ಇವರಿಗೆಲ್ಲ ಸಂದಿತು. ವ್ಯತಿಕರಣವನ್ನು ಬೆಳಕಿನ ಪಾಠದಲ್ಲಿ ಮಾತ್ರ ಓದಿದವರಿಗೆ ನಗುವಿಗಿಂತ ಯೋಚನೆಯೇ ಮೊದಲು ಬಂದೀತು.

ನಮ್ಮಲ್ಲಿ ಸಿಳ್ಳೆಬಾತು ಮಳೆಗಾಲದಲ್ಲಿ ಮರಿಮಾಡುತ್ತದೆ. ಮಳೆ ನಿಂತು ಬಿಸಿಲು ಬೀಳುವ ಹೊತ್ತಿಗೆ ಜೊಂಡಿನ ಅಂಚಿನಲ್ಲಿ ಅದರ ಸಾಲನ್ನು ನೋಡಬಹುದು. ಹತ್ತಿರ ಹೋಗಬಾರದು, ಸಾಲು ಚೆದರಿದರೆ ಅಳತೆಯೂ ಕೆಡುತ್ತದೆ, ಮರಿಗಳೂ ಹದ್ದಿನ ಪಾಲಾಗಬಹುದು. ದೂರದಿಂದಲೇ ಒಂದು ಚಿತ್ರ ತೆಗೆದು, ದೊಡ್ಡ ಹಕ್ಕಿಗೂ ಮೊದಲ ಮರಿಗೂ ನಡುವಣ ಅಂತರವನ್ನೂ ದೊಡ್ಡ ಹಕ್ಕಿಯ ಹಿಂದಿನ ಅಲೆಯ ಉದ್ದವನ್ನೂ ಹೋಲಿಸಿ ನೋಡಿರಿ.