ಕಡುಬಣ್ಣದ ಎಕ್ಸಿಟ್ ಲೋಡ್

ನಮ್ಮ ಹಾಲ್‌ನ ನಾಲ್ಕು ಗೋಡೆಗೆ ಬಣ್ಣ ಹೊಡೆಸಿದ್ದಕ್ಕೆ 14,880 ರೂಪಾಯಿ ಆಯಿತು. ಮೊದಲಿದ್ದ ಐವರಿ ಬಣ್ಣವನ್ನೇ ಮತ್ತೊಮ್ಮೆ ಹೊಡೆಸಿದ್ದರೆ 7,680ಕ್ಕೆ ಮುಗಿಯುತ್ತಿತ್ತು. ಸೀರೆ ಅಂಗಡಿಯಲ್ಲಿ ರಾಮಾ ಗ್ರೀನ್ ಅಂತ ಬಿಚ್ಚಿ ತೋರಿಸುತ್ತಾರಲ್ಲ, ಅದಕ್ಕೆ ಒಂದಿಷ್ಟು ಬೂದಿ ಕಲಸಿ ಕಂದಿಸಿದಂಥ ಬಣ್ಣ ನಮ್ಮದು. ಮಗಳು ಫೋನಿನಲ್ಲಿ ತೋರಿಸಿದಳು, ನಾನು ಹೂಂ ಅಂದೆ, ನಮ್ಮ ಯಜಮಾನರು ‘ಮನೆ ಗುಹೆ ಆಗುತ್ತೆ ನೋಡು’ ಅಂದರು. ಗುಹೆಯೇನೂ ಆಗಲಿಲ್ಲ. ಸಂಜೆಯಾದರೆ ಅತ್ತೆಯ ಕಾಲದ ಹಿತ್ತಾಳೆ ದೀಪಕ್ಕೂ ತೇಗದ ಕುರ್ಚಿಗೂ ಹಿಂದೆಂದೂ ಇಲ್ಲದ ಕಳೆ ಬರುತ್ತದೆ. ಹಾಗಾಗಿ ಖರ್ಚಿನ ಬಗ್ಗೆ ನನಗೆ ಬೇಸರವಿಲ್ಲ. ಬೇಸರ ಇರುವುದು ಕೊಟೇಷನ್ ಬಗ್ಗೆ. ಈ ಬಣ್ಣದ ಪೂರ್ತಿ ಬೆಲೆ ಅದರಲ್ಲಿ ಎಲ್ಲೂ ಇರಲಿಲ್ಲ.

ಕಡುಬಣ್ಣ ದುಬಾರಿ ಆಗುವುದು ಅಂಗಡಿಯಲ್ಲೇ. ತಿಳಿಬಣ್ಣಕ್ಕೆ ಬಿಳಿ ಬೇಸ್, ಇದಕ್ಕೆ ಡೀಪ್ ಬೇಸ್. ಹಳೆಯ ಗೋಡೆಯನ್ನು ಮುಚ್ಚುವ ಕೆಲಸ ಮಾಡುವ ಟೈಟಾನಿಯಂ ಡೈಆಕ್ಸೈಡ್ ಡೀಪ್ ಬೇಸ್‌ನಲ್ಲಿ ಕಡಿಮೆ. ಟಿಂಟಿಂಗ್ ಮಷೀನ್ ಅದಕ್ಕೆ ನೀಲಿ, ಹಸಿರು, ಕಪ್ಪು ಕಲರೆಂಟ್‌ಗಳನ್ನು ಧಾರಾಳವಾಗಿ ಸುರಿಯುತ್ತದೆ. ಲೀಟರಿನ ಬೆಲೆ ಏರಿತು, ಮೇಲಿಂದ ಎರಡು ಕೋಟ್ ಸಾಲದೆ ಮೂರು ಬೇಕಾಯಿತು. ಒಮ್ಮೆ ಟಿಂಟ್ ಮಾಡಿಸಿದ ಡಬ್ಬವನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ.

ಈಗ ಲೆಕ್ಕ. ಪೆನ್ನು ಹಿಡಿಯಿರಿ.

ನಮ್ಮ ಹಾಲ್ 18 ಅಡಿ ಉದ್ದ, 12 ಅಡಿ ಅಗಲ, ಎತ್ತರ ಒಂಬತ್ತೂವರೆ. ಸುತ್ತಳತೆ 60 ಅಡಿ, ಅದನ್ನು ಎತ್ತರದಿಂದ ಗುಣಿಸಿದರೆ 570 ಚದರಡಿ. ಬಾಗಿಲು, ಕಿಟಕಿ, ಬಾಲ್ಕನಿಯ ಸ್ಲೈಡಿಂಗ್ ಎಲ್ಲ ಸೇರಿ 90 ಕಳೆದರೆ ಉಳಿದದ್ದು 480. ಮೊದಲು ಬಂದ ಗುತ್ತಿಗೆದಾರ ಟೇಪನ್ನು ಜೇಬಿನಿಂದ ತೆಗೆಯಲೇ ಇಲ್ಲ. ಕಾರ್ಪೆಟ್ ಏರಿಯಾ 216, ಇಂಟು ಮೂರೂವರೆ, 756 ಅಂದ. ಆ ಮೂರೂವರೆಯಲ್ಲಿ ಸೀಲಿಂಗ್ ಕೂಡ ಸೇರಿರುತ್ತದೆ. ನಮಗೆ ಸೀಲಿಂಗ್ ಬೇಕಿರಲಿಲ್ಲ. ಇಲ್ಲದ 276 ಚದರಡಿಗೆ ದುಡ್ಡು ಕೊಡುವ ಉದಾರತನ ನನ್ನಲ್ಲಿಲ್ಲ. ಬೇರೆ ಮೇಸ್ತ್ರಿ ಬಂದರು.

ಐವರಿಯ ಮೇಲೆ ಐವರಿ ಎರಡು ಕೋಟ್, ಮಾಲು ಮಜೂರಿ ಸೇರಿ ಚದರಡಿಗೆ 16 ರೂಪಾಯಿ. ಈ ಕಡುಬಣ್ಣ, ಅದರ ಕೆಳಗಿನ ಪ್ರೈಮರ್ ಸಮೇತ, 31. ವ್ಯತ್ಯಾಸ 15, 480 ಚದರಡಿಗೆ 7,200. ಎಲ್ಲರೂ ಲೆಕ್ಕ ನಿಲ್ಲಿಸುವುದು ಇಲ್ಲಿಗೇ.

ನಾನು ಮೇಸ್ತ್ರಿಯನ್ನು ಇನ್ನೊಂದು ಪ್ರಶ್ನೆ ಕೇಳಿದೆ: ಇದನ್ನು ಮುಂದೆ ಬಿಳಿಗೆ ತಿರುಗಿಸಬೇಕಾದರೆ? ಅವರು ನಕ್ಕರು. ಎಮರಿ ಪೇಪರ್ ಹಾಕಿ ಉಜ್ಜಬೇಕು, ಒಂದು ಕೋಟ್ ಪ್ರೈಮರ್, ಆಮೇಲೆ ಬಿಳಿ ಮೂರು ಕೋಟ್, ಇಲ್ಲದಿದ್ದರೆ ಹಸಿರು ಇಣುಕುತ್ತದೆ ಮೇಡಂ ಅಂದರು. ಇವತ್ತಿನ ದರದಲ್ಲಿ ಚದರಡಿಗೆ 24. ಮಾಮೂಲಿ 16ಕ್ಕಿಂತ 8 ಹೆಚ್ಚು, ಅಂದರೆ 3,840. ಇದೇ ಎಕ್ಸಿಟ್ ಲೋಡ್. ಮ್ಯೂಚುವಲ್ ಫಂಡ್‌ನಿಂದ ಬೇಗ ಹೊರಬಂದದ್ದಕ್ಕೆ ಶೇಕಡ ಒಂದು ಕತ್ತರಿಸಿದರೆ ಕೂಗಾಡುವವರು ಗೋಡೆಯ ವಿಷಯದಲ್ಲಿ ಕೇಳುವುದೇ ಇಲ್ಲ. ಹೋಗುವಾಗಿನ 7,200, ಬರುವಾಗಿನ 3,840, ಒಟ್ಟು 11,040.

ಇನ್ನು ಬೆಳಕು. ತಿಳಿ ಬಿಳುಪಿನ ಗೋಡೆ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ ಎಂಬತ್ತಕ್ಕೂ ಹೆಚ್ಚನ್ನು ಹಿಂದಕ್ಕೆ ಕೊಡುತ್ತದೆ, ಈ ಜಾತಿಯ ಬಣ್ಣ ಕೊಡುವುದು ಹತ್ತರ ಆಸುಪಾಸು. ಎರಡು ಟ್ಯೂಬ್‌ಲೈಟ್ ಇದ್ದ ಕಡೆ 20 ವಾಟಿನ ಇನ್ನೊಂದು ಎಲ್‌ಇಡಿ, 9 ವಾಟಿನ ಎರಡು ಬಲ್ಬು ಬಂದವು. 38 ವಾಟ್, ದಿನಕ್ಕೆ ಐದು ಗಂಟೆ, ವರ್ಷಕ್ಕೆ ಸುಮಾರು 69 ಯೂನಿಟ್. ಯೂನಿಟ್‌ಗೆ ಆರು ರೂಪಾಯಿಯಂತೆ ಹಿಡಿದರೆ 416. ಗೃಹಜ್ಯೋತಿಯ ಉಚಿತ ವಿದ್ಯುತ್ ಪಡೆಯುವವರಿಗೆ, ಅವರಿಗೆ ಗೊತ್ತುಮಾಡಿದ ಯೂನಿಟ್ ಒಳಗಿದ್ದರೆ, ಇದು ಸೊನ್ನೆ. 200 ಯೂನಿಟ್‌ನ ಅಂಚಿನಲ್ಲಿರುವ ಮನೆಗೆ ಮಾತ್ರ ತಿಂಗಳಿಗೆ ಈ ಆರು ಯೂನಿಟ್ ಅಪಾಯಕಾರಿ. ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಈ ಗೋಡೆಯನ್ನು ಐದು ವರ್ಷ ಇಟ್ಟುಕೊಂಡರೆ 11,040ಕ್ಕೆ ಐದು ವರ್ಷದ ವಿದ್ಯುತ್ 2,080 ಸೇರಿ 13,120. ತಿಂಗಳಿಗೆ 219 ರೂಪಾಯಿ. ನಾನು ಕೊಡಲು ತಯಾರಿದ್ದೇನೆ. ಎರಡೇ ವರ್ಷಕ್ಕೆ ಬೇಜಾರಾಗಿ ಬದಲಿಸಿದರೆ ಅದೇ ಬಣ್ಣ ತಿಂಗಳಿಗೆ 495. ಬಣ್ಣದ ಬೆಲೆ ನಿಂತಿರುವುದು ಡಬ್ಬದ ಮೇಲಲ್ಲ, ನಿಮ್ಮ ತಾಳ್ಮೆಯ ಮೇಲೆ.

ಒಂದೇ ಗೋಡೆ ಸಾಕೆಂದರೆ, 12 ಅಡಿಯ ಗೋಡೆಗೆ ಹೋಗಿಬರುವ ಹೆಚ್ಚುವರಿ 2,622. ಜಾಣತನ ಅದೇ. ನನಗೆ ನಾಲ್ಕೂ ಬೇಕಿತ್ತು. ಬಾಡಿಗೆ ಮನೆಯವರಿಗೆ ನನ್ನದು ಒಂದೇ ಮಾತು: ಬೆಂಗಳೂರಿನ ಓನರ್‌ಗಳು ಹೇಗೂ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಹೆಸರಲ್ಲಿ ಹಿಡಿಯುತ್ತಾರೆ, ಕಡುಬಣ್ಣ ನೋಡಿದರೆ ಎರಡನೇ ತಿಂಗಳಿಗೂ ನೆಪ ಸಿಗುತ್ತದೆ. ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಳ್ಳಿ.

ಇಷ್ಟೆಲ್ಲದರ ನಡುವೆ ಒಂದು ಕಂಪನಿಯ ಹುಡುಗ ಟ್ಯಾಬ್ಲೆಟ್ ಹಿಡಿದು ಬಂದ. ಇಡೀ ಮನೆಗೆ 96,000ದ ಪ್ಯಾಕೇಜ್, ಹನ್ನೆರಡು ತಿಂಗಳ ನೋ ಕಾಸ್ಟ್ ಇಎಂಐ, ತಿಂಗಳಿಗೆ ‘ಬರೀ ಎಂಟು ಸಾವಿರ’. ನಗದು ಕೊಟ್ಟರೆ? ಶೇಕಡ ಏಳು ಕಡಿಮೆ ಮಾಡ್ತೀವಿ ಅಂದ. ಅಲ್ಲಿಗೆ ಬಡ್ಡಿ ಹೊರಬಿತ್ತಲ್ಲ! 89,280ರ ಕೆಲಸಕ್ಕೆ ಕಂತಿನಲ್ಲಿ 96,000 ಕಟ್ಟುವುದೆಂದರೆ ವರ್ಷಕ್ಕೆ ಹದಿಮೂರೂವರೆ ಶೇಕಡದ ಸಾಲ. ಪ್ರೊಸೆಸಿಂಗ್ ಫೀ ಬೇರೆ, ಕ್ರೆಡಿಟ್ ಕಾರ್ಡ್ ಕಂತಾದರೆ ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿ ಹೇಳಿತ್ತು. ಹೆಸರು ಬದಲಾಯಿಸಿಕೊಂಡು ಅದು ಈಗಲೂ ಮನೆ ಬಾಗಿಲಿಗೆ ಬರುತ್ತಿದೆ. ಗೋಡೆಗೆ ಸಾಲ ಮಾಡಿ ಬಣ್ಣ ಹಚ್ಚಬೇಡಿ. ಬಣ್ಣ ಹಾಕಿಸದೆ ಆರು ತಿಂಗಳು ಇದ್ದರೆ ಗೋಡೆ ಬೀಳುವುದಿಲ್ಲ.

ನಮ್ಮ ಇನ್ನೊಂದು ಅಭ್ಯಾಸದ ಬಗ್ಗೆಯೂ ಹೇಳಿಯೇಬಿಡುತ್ತೇನೆ. ಮದುವೆಗೆ ಒಂದು ರವಿಕೆ ಕಣ ಆರಿಸಲು ನಾಲ್ಕು ಅಂಗಡಿ ಸುತ್ತುವ ನಾವು, ವರ್ಷಗಟ್ಟಲೆ ಕಣ್ಣೆದುರು ಇರಬೇಕಾದ ಬಣ್ಣವನ್ನು ಫೋನಿನ ಪರದೆ ನೋಡಿ ಆರಿಸುತ್ತೇವೆ. ಒಂದು ಲೀಟರ್ ತಂದು, ಮೂರಡಿ ಚೌಕ ಬಳಿದು, ಬೆಳಗ್ಗೆಯ ಬಿಸಿಲಲ್ಲೂ ರಾತ್ರಿ ನಿಮ್ಮದೇ ಬಲ್ಬಿನ ಕೆಳಗೂ ಎರಡು ವಾರ ನೋಡಿ. ಗೋಡೆಯಲ್ಲಿ ತೇವ ಇದ್ದರೆ ಈ ಬಣ್ಣದ ಆಸೆ ಬಿಡಿ. ಐವರಿಯ ಮೇಲೆ ಕಾಣದ ಬಿಳಿ ಉಪ್ಪು ಇದರ ಮೇಲೆ ಊರಿಗೆಲ್ಲ ಕಾಣುತ್ತದೆ. ಕುರ್ಚಿಯ ಬೆನ್ನು ಉಜ್ಜಿದ ಗುರುತು, ತಲೆಯ ಎಣ್ಣೆಯ ಗುರುತು, ಎಲ್ಲವೂ ಅಷ್ಟೇ. ಉಳಿದ ಬಣ್ಣವನ್ನು ಎಸೆಯಬೇಡಿ, ಡಬ್ಬದ ಮೇಲಿನ ಶೇಡ್ ಕೋಡ್ ಬರೆದಿಟ್ಟುಕೊಳ್ಳಿ.

ಗೋಡೆ ಒಣಗಿದ ವಾರವೇ ಅಂಚೆ ಕಚೇರಿಯಲ್ಲಿ ತಿಂಗಳಿಗೆ 200 ರೂಪಾಯಿಯ ಆರ್‌ಡಿ ತೆರೆದೆ. ಅದರ ಅವಧಿಯೂ ಐದು ವರ್ಷವೇ. ಶೇಕಡ 6.7ರ ಬಡ್ಡಿಯಲ್ಲಿ ಕೊನೆಗೆ ಸುಮಾರು 14,270 ಕೈಗೆ ಬರುತ್ತದೆ. ಬಿಳಿಗೆ ತಿರುಗಿಸುವ ಖರ್ಚು ಇವತ್ತಿನ ದರದಲ್ಲಿ 11,520. ನಡುವಿನ 2,750 ಮಜೂರಿ ಏರಿಕೆಗೆ. ಅಷ್ಟರಲ್ಲಿ ಯಜಮಾನರಿಗೂ ಈ ಬಣ್ಣ ಒಗ್ಗಿದ್ದರೆ ಅದೇ ದುಡ್ಡಿನಲ್ಲಿ ಅಡುಗೆಮನೆಗೆ ಚಿಮಣಿ ಹಾಕಿಸುತ್ತೇನೆ.