ಹೊಸ ಗಾಜಿನ ತೊಟ್ಟಿಗೆ ನೀರಿನ ಪರೀಕ್ಷೆ ಬೇಕೇ?



ನಮ್ಮ ವಿಜ್ಞಾನ ಕೋಣೆಗೆ ಮೀನು ಸಾಕಲು ಗಾಜಿನ ತೊಟ್ಟಿ ಬಂದಿರುವುದು ನಿಮಗೆಲ್ಲ ಗೊತ್ತೇ ಇದೆ. ಅದು ನಾವೆಲ್ಲ ಕೂಡಿಸಿದ ದುಡ್ಡಿನದು. ಮರಳು, ಗಿಡ, ಮೀನು ಹಾಕುವ ಮುಂಚೆ ಬರೀ ನೀರು ತುಂಬಿ ನೋಡಬೇಕು ಅಂತ ನಾನು ಹೇಳಿದೆ. "ಹೊಸದಲ್ವಾ, ಯಾಕೆ ಸೋರುತ್ತೆ? ಐದು ಕೊಡ ನೀರು ದಂಡ" ಅಂದರು ಕೆಲವರು. ಬೇಸಿಗೆಯಲ್ಲಿ ನೀರು ಹೊರುವ ಕಷ್ಟ ನನಗೂ ಗೊತ್ತು. ಆದರೂ ಪರೀಕ್ಷೆ ಬೇಕೇ ಬೇಕು. ಲೆಕ್ಕ ಹಾಕಿಯೇ ತೋರಿಸುತ್ತೇನೆ.

೧. ನೀರಿನ ಭಾರ: ತೊಟ್ಟಿಯ ಉದ್ದ ೬೦ ಸೆಂ.ಮೀ., ಅಗಲ ೩೦, ಎತ್ತರ ೩೦. ಗುಣಿಸಿದರೆ ೫೪,೦೦೦ ಘನ ಸೆಂ.ಮೀ., ಅಂದರೆ ೫೪ ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ. ಹಾಗಾಗಿ ೫೪ ಕಿಲೋ ಭಾರ!

೨. ನೀರಿನ ಒತ್ತಡ: ನೀರು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ಒತ್ತುತ್ತದೆ. ಡಬ್ಬಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ ನೀರು ತುಂಬಿದಾಗ ಕೆಳಗಿನ ತೂತಿನಿಂದ ನೀರು ಜೋರಾಗಿ ಚಿಮ್ಮುವುದನ್ನು ನೋಡಿದ್ದೇವೆ. ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚು. ನಮ್ಮ ತೊಟ್ಟಿಯಲ್ಲಿ ಮೇಲ್ಗಡೆ ಸೊನ್ನೆ, ತಳದಲ್ಲಿ ಪ್ರತಿ ಚದರ ಸೆಂ.ಮೀ.ಗೆ ೩೦ ಗ್ರಾಂ, ಸರಾಸರಿ ೧೫. ಉದ್ದದ ಗಾಜಿನ ವಿಸ್ತೀರ್ಣ ೧,೮೦೦ ಚದರ ಸೆಂ.ಮೀ. ಆ ಒಂದು ಗಾಜನ್ನೇ ನೀರು ೨೭ ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತದೆ. ಖಾಲಿ ತೊಟ್ಟಿ ನೋಡಿ ಇದನ್ನು ತಿಳಿಯಲಾಗದು.

೩. ಅಂಟು: ಈ ಬಲವನ್ನೆಲ್ಲ ತಡೆಯುವುದು ಮೂಲೆಯ ಸಿಲಿಕೋನ್ ಅಂಟು. ಅದು ಗಾಳಿಯ ತೇವದಿಂದ ನಿಧಾನವಾಗಿ ಗಟ್ಟಿಯಾಗುತ್ತದೆ. ಹಸಿಯಾಗಿದ್ದಾಗ ವಿನಿಗರ್‌ನಂಥ ಹುಳಿ ವಾಸನೆ ಬರುತ್ತೆ. ಆ ವಾಸನೆ ಇರುವವರೆಗೂ ನೀರು ತುಂಬಬಾರದು. ಅಂಟಿನೊಳಗೆ ಗಾಳಿಗುಳ್ಳೆ ಉಳಿದಿರಬಹುದು, ದಾರಿಯ ಕುಲುಕಾಟಕ್ಕೆ ಬಿಟ್ಟುಕೊಂಡಿರಲೂಬಹುದು. ಅಂಗಡಿಯಲ್ಲಿ ಸೋರದ ತೊಟ್ಟಿ ಊರಿಗೆ ಬಂದ ಮೇಲೆ ಸೋರಿದರೆ ಆಶ್ಚರ್ಯವಿಲ್ಲ. ಸಂತೆಯಲ್ಲಿ ಅಜ್ಜಿ ಮಡಕೆಯನ್ನು ಬಾರಿಸಿ ಕೊಳ್ಳುತ್ತಾಳೆ. ಗಾಜನ್ನು ಬಾರಿಸಿ ನೋಡಲಾದೀತೇ? ನೀರೇ ತುಂಬಬೇಕು.

ಪರೀಕ್ಷೆ ಮಾಡುವ ವಿಧಾನ

ಗಟ್ಟಿಯಾದ, ಸಮವಾದ ಮೇಜಿನ ಮೇಲೆ ಥರ್ಮೋಕೋಲ್ ಹಾಳೆ ಹಾಸಿ ತೊಟ್ಟಿ ಇಡಿ. ಮೇಜಿನ ಮೇಲಿನ ಸಣ್ಣ ಕಲ್ಲಿನ ಚೂರೂ ತಳದ ಗಾಜು ಸೀಳಬಲ್ಲದು. ಸುತ್ತ ಒಣ ದಿನಪತ್ರಿಕೆ ಹಾಸಿ. ಮೊದಲು ಕಾಲು ಭಾಗ ನೀರು ಹಾಕಿ ಅರ್ಧ ಗಂಟೆ ಕಾಯಿರಿ. ಆಮೇಲೆ ಅರ್ಧ, ಆಮೇಲೆ ಪೂರ್ತಿ. ನೀರಿನ ಮಟ್ಟಕ್ಕೆ ಹೊರಗಡೆ ಕಾಗದದ ಪಟ್ಟಿ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ.

ಮಾರನೆ ದಿನ ಮೂಲೆಗಳಿಗೆ ಒಣ ಕಾಗದ ಒತ್ತಿ ನೋಡಿ. ಕಾಗದ ಒಣಗೇ ಇದ್ದು ನೀರು ಒಂದೆರಡು ಮಿಲಿಮೀಟರ್ ಇಳಿದಿದ್ದರೆ ಅದು ಆವಿಯಾಗಿದ್ದು, ಹೆದರಬೇಡಿ. ಇಡೀ ಗಾಜು ಹೊರಗೆ ಮಂಜಾದರೆ ಅದು ತಣ್ಣೀರಿಗೆ ಬೆವರಿದ್ದು. ಒರೆಸಿದ ಮೇಲೂ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹನಿ ಕಟ್ಟಿದರೆ ಮಾತ್ರ ಸೋರಿಕೆ.

ಸೋರಿದರೆ ನೀರು ತೆಗೆದು, ಒಣಗಿಸಿ, ಹಳೇ ಅಂಟನ್ನು ಬ್ಲೇಡಿನಿಂದ ಪೂರ್ತಿ ಕೆರೆಯಬೇಕು. ಹಳೇ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಕೂರೋದಿಲ್ಲ. ಈ ಕೆಲಸವನ್ನು ದೊಡ್ಡವರು ಮಾಡಲಿ. ಬೂಷ್ಟು ತಡೆಯುವ ಮದ್ದು ಸೇರಿಸಿದ ಬಚ್ಚಲುಮನೆಯ ಸಿಲಿಕೋನ್ ಬೇಡ, ಅದು ಮೀನಿಗೆ ವಿಷವಾಗಬಹುದು.

ಎಚ್ಚರಿಕೆ: ನೀರು ತುಂಬಿದ ತೊಟ್ಟಿಯನ್ನು ಯಾರೂ ಎತ್ತಬೇಡಿ. ಗಾಜು ತಿರುಚಿ ಅಂಟು ಬಿಡುತ್ತದೆ, ಕೈ ಕೊಯ್ಯುತ್ತದೆ. ರಬ್ಬರ್ ಪೈಪಿನಿಂದಲೇ ನೀರು ಇಳಿಸಿ.

ಇನ್ನು ನೀರು ದಂಡ ಅನ್ನುವ ಮಾತು. ಆ ಐದು ಕೊಡ ಶಾಲೆಯ ತೋಟದ ಗಿಡಗಳಿಗೆ ಹೋಗಲಿ, ಒಂದು ಹನಿಯೂ ದಂಡವಾಗದು. ಪರೀಕ್ಷೆ ಮಾಡದೆ ಮೀನು ಬಿಟ್ಟು, ರಜಾದಿನ ರಾತ್ರಿ ಸೋರಿದರೆ? ಸೋಮವಾರ ನಮಗೆ ಸಿಗುವುದು ಒದ್ದೆ ಮರಳು, ಸತ್ತ ಮೀನು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಗಬಾರದು.

ನಿಮಗೊಂದು ಲೆಕ್ಕ: ಇದೇ ತೊಟ್ಟಿಯ ಎತ್ತರ ೪೫ ಸೆಂ.ಮೀ. ಆಗಿದ್ದರೆ ಉದ್ದದ ಗಾಜಿನ ಮೇಲೆ ಎಷ್ಟು ಬಲ ಬೀಳುತ್ತಿತ್ತು?
(ಉತ್ತರ: ಸುಮಾರು ೬೧ ಕಿಲೋ. ಎತ್ತರ ಒಂದೂವರೆ ಪಟ್ಟು, ಬಲ ಎರಡೂಕಾಲು ಪಟ್ಟು!)