ರಾಗಿಯ ಬಿತ್ತನೆ ಬೀಜವನ್ನು ಆರಿಸುವ ಕ್ರಮ

1918ನೇ ಇಸವಿಯಲ್ಲಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯವರು ಹೆಚ್. 22 ಎಂಬ ರಾಗಿಯ ತಳಿಯನ್ನು ಹೊರತಂದಾಗ ಬೇಸಾಯಗಾರನ ಮುಂದಿದ್ದ ಪ್ರಶ್ನೆಯು ಸರಳವಾದದ್ದು: ಮನೆಯ ಬೀಜವೋ, ಇಲಾಖೆಯ ಬೀಜವೋ. ಈಗಲಾದರೋ ಇಂಡಾಫ್ 9, ಜಿ.ಪಿ.ಯು. 28, ಜಿ.ಪಿ.ಯು. 48, ಎಂ.ಆರ್. 6, ಎಂ.ಎಲ್. 365 ಮುಂತಾಗಿ ಹೆಸರುಗಳು ಬೆಳೆದಿವೆ. ಇದು ಅಭಿವೃದ್ಧಿಯ ಲಕ್ಷಣವೇ ಸರಿ. ಆದರೆ ಆಯ್ಕೆ ಹೆಚ್ಚಿದಷ್ಟೂ ತೃಪ್ತಿಯೂ ಹೆಚ್ಚುವುದೆಂದು ಎಣಿಸತಕ್ಕದ್ದಲ್ಲ.

ಅಮೆರಿಕಾದ ಕ್ಯಾಲಿಫೋರ್ನಿಯಾ ಪ್ರಾಂತದ ಒಂದು ಅಂಗಡಿಯಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬ ವಿದ್ವಾಂಸರು ನಡೆಸಿದ ಪರೀಕ್ಷೆಯು 2000ದಲ್ಲಿ ಪ್ರಕಟವಾಯಿತು. ಹಣ್ಣಿನ ಜಾಮಿನ 24 ಬಗೆಗಳನ್ನು ಇಟ್ಟಾಗ ಅಲ್ಲಿ ನಿಂತು ನೋಡಿದವರಲ್ಲಿ ನೂರಕ್ಕೆ 3 ಮಂದಿಯೂ, 6 ಬಗೆಗಳನ್ನು ಮಾತ್ರ ಇಟ್ಟಾಗ ನೂರಕ್ಕೆ 30 ಮಂದಿಯೂ ಕೊಂಡರು. ಎಲ್ಲ ಕಡೆಯೂ ಹೀಗೆಯೇ ಆಗುವುದೆಂದು ಹೇಳಲಾಗದು. ಇಂಥ ಅನೇಕ ಪರೀಕ್ಷೆಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮವು ಬಹುಮಟ್ಟಿಗೆ ಶೂನ್ಯವೆಂದು ಕಂಡಿತು. ತನಗೆ ಬೇಕಾದುದೇನೆಂದು ಮೊದಲೇ ತಿಳಿದವನಿಗೆ ತೊಡಕು ಕಡಮೆ, ತಿಳಿಯದವನಿಗೇ ಕಷ್ಟ.

ಜಾಮು ರುಚಿಸದಿದ್ದರೆ ನಾಳೆ ಬೇರೊಂದನ್ನು ಕೊಳ್ಳಬಹುದು. ಬಿತ್ತಿದ ರಾಗಿಯಾದರೋ ನಾಲ್ಕು ತಿಂಗಳು ಕಣ್ಣೆದುರಿಗೆ ನಿಂತಿರುತ್ತದೆ. ಬದುವಿನಾಚೆ ನೆರೆಯವನ ಬೇರೆ ತಳಿಯೂ ನಿಂತಿರುತ್ತದೆ. ಒಂದೇ ಬೀಜವಿದ್ದ ಕಾಲದಲ್ಲಿ ಬೆಳೆ ಕೆಟ್ಟರೆ ಮಳೆಯನ್ನು ದೂರುತ್ತಿದ್ದರು. ಹತ್ತು ಬೀಜಗಳಿದ್ದಾಗ ಬೆಳೆ ಚೆನ್ನಾಗಿ ಬಂದರೂ ಬೇಸಾಯಗಾರನು ತನ್ನನ್ನೇ ಹಳಿದುಕೊಳ್ಳುವನು. ಹೀಗೆ ವರ್ಷಕ್ಕೊಂದು ಬೀಜವನ್ನು ಬದಲಾಯಿಸುವವನಿಗೆ ಯಾವ ತಳಿಯ ಗುಣವೂ ಪೂರ್ತಿಯಾಗಿ ತಿಳಿಯುವುದಿಲ್ಲ.

ಆದುದರಿಂದ ಹೆಸರುಗಳಿಂದ ಪ್ರಾರಂಭಿಸದೆ ಬಿತ್ತನೆಯ ಕಾಲದಿಂದ ಪ್ರಾರಂಭಿಸುವುದು ಮೇಲು. ಜೂನ್, ಜುಲೈ ತಿಂಗಳಲ್ಲಿಯೇ ಹದ ಸಿಕ್ಕಿದರೆ ಸುಮಾರು 120 ದಿನಗಳಿಗೆ ಮೇಲ್ಪಟ್ಟು ಬೆಳೆಯುವ ಎಂ.ಆರ್. 6ರಂಥ ದೀರ್ಘಾವಧಿ ತಳಿಗಳು ಸಲ್ಲುವುವು. ಆಗಸ್ಟ್ ನಡುವಿನವರೆಗೆ, 110 ದಿನಗಳ ಆಸುಪಾಸಿನ ಜಿ.ಪಿ.ಯು. 28, ಇದು ಕುತ್ತಿಗೆ ಬೆಂಕಿರೋಗವನ್ನು ತಡೆಯುವುದರಲ್ಲಿಯೂ ಹೆಸರಾದದ್ದು. ಅದಕ್ಕೂ ತಡವಾದರೆ 100 ದಿನಗಳೊಳಗಾಗಿ ಬರುವ ಜಿ.ಪಿ.ಯು. 48. ಮಳೆಯೇ ಅರ್ಧ ಪಟ್ಟಿಯನ್ನು ಹೊಡೆದುಹಾಕುವುದರಿಂದ ಉಳಿದ ಎರಡು ಮೂರರಲ್ಲಿ ದನಕರುಗಳ ಹುಲ್ಲಿನ ಅಗತ್ಯವನ್ನು ನೋಡಿ ಆರಿಸಿದರೆ ಸಾಕು.

ಮುಂಗಾರಿಗೆ ಮೊದಲೇ ಗ್ರಾಮದ ಮುಖಂಡರು ಸಭೆ ಸೇರಿಸಿ, ಕಾಲಕ್ಕೊಂದರಂತೆ ತಳಿಗಳನ್ನು ಗೊತ್ತುಮಾಡಿ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸುವುದು ಒಳ್ಳೆಯದು. ಹೊಸ ತಳಿಯನ್ನು ನೋಡಬೇಕೆಂಬ ಜಮೀನುದಾರರು ಅದನ್ನು ತಮ್ಮ ಹೊಲದಲ್ಲಿಯೇ ಒಂದೆರಡು ಗುಂಟೆಯಲ್ಲಿ, ಅದೇ ದಿನ, ಅದೇ ಗೊಬ್ಬರ ಹಾಕಿ ಬಿತ್ತತಕ್ಕದ್ದು. ನೆರೆಯವನ ಹೊಲದ ಮಣ್ಣು ಬೇರೆ, ಗೊಬ್ಬರ ಬೇರೆ. ಅದರೊಡನೆ ಹೋಲಿಕೆ ಸಲ್ಲದು. ಕೊಯ್ಲಾದ ಮೇಲೆ ಸಮನಾದ ಅಳತೆಯ ಎರಡು ತಾಕುಗಳ ಕಾಳನ್ನು ಬೇರೆ ಬೇರೆಯಾಗಿ ತೂಗಿ, ಹುಲ್ಲನ್ನೂ ಹೊರೆಯ ಲೆಕ್ಕದಲ್ಲಿ ಎಣಿಸಿ ಬರೆದಿಡುವುದು.